ಎಐನಿಂದ ಮನುಕುಲಕ್ಕೆ ಕುತ್ತಿದೆಯೇ? ಯಂತ್ರಕ್ಕಿಂತ ಕಾವಲಿನ ಚಿಂತೆಯೇ ಜಾಸ್ತಿ

2023ರ ಮೇ 30ರಂದು ಒಂದೇ ಒಂದು ವಾಕ್ಯದ ಹೇಳಿಕೆ ಹೊರಬಿತ್ತು. ಸಾಂಕ್ರಾಮಿಕ ರೋಗ, ಅಣುಯುದ್ಧಗಳ ಹಾಗೆಯೇ ಎಐನಿಂದ ಮನುಷ್ಯಕುಲ ಅಳಿದುಹೋಗುವ ಅಪಾಯವನ್ನೂ ತಗ್ಗಿಸುವುದು ಇಡೀ ಜಗತ್ತಿನ ಆದ್ಯತೆ ಆಗಬೇಕು ಅನ್ನುವುದು ಅದರ ತಿರುಳು. ಯಾರೋ ಜ್ಯೋತಿಷಿ ಈ ಮಾತು ಆಡಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸಹಿ ಹಾಕಿದವರಲ್ಲಿ ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್, ಗೂಗಲ್ ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್, ಆಂಥ್ರೊಪಿಕ್‌ನ ಡಾರಿಯೊ ಅಮೊಡೈ ಇದ್ದರು. ಅಂದರೆ ಎಐ ಕಟ್ಟುತ್ತಿರುವವರೇ. ಅಪಾಯ ಇದೆ ಅಂತ ಸಹಿ ಹಾಕಿದರು, ಮತ್ತೆ ಅದೇ ಆಫೀಸಿಗೆ ಹೋಗಿ ಅದನ್ನೇ ಇನ್ನೂ ಜೋರಾಗಿ ಕಟ್ಟುತ್ತಾ ಕೂತರು.

ಇದನ್ನು ಕಂಡು ಕೆಲವರು ಪ್ರಚಾರದ ತಂತ್ರ ಅಂದರು. ನಮ್ಮ ಸರಕು ಜಗತ್ತನ್ನೇ ಮುಗಿಸುವಷ್ಟು ಪವರ್‌ಫುಲ್ ಅಂತ ಹೇಳಿಕೊಂಡರೆ ದುಡ್ಡು ಹಾಕುವವರು ಸಾಲುಗಟ್ಟುತ್ತಾರೆ, ಅಲ್ವಾ? ಇನ್ನು ಕೆಲವರು ನಿಜಕ್ಕೂ ಹೆದರಿದರು. ಪಂಡಿತರಲ್ಲೂ ಒಮ್ಮತ ಇಲ್ಲ. ಇವತ್ತಿನ ಎಐಗೆ ತಳಪಾಯ ಹಾಕಿದ್ದಕ್ಕೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ 2018ರ ಟ್ಯೂರಿಂಗ್ ಪ್ರಶಸ್ತಿಯನ್ನು ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೊ, ಯಾನ್ ಲೆಕುನ್ ಮೂವರೂ ಹಂಚಿಕೊಂಡರು. ಹಿಂಟನ್ 2023ರಲ್ಲಿ ಗೂಗಲ್ ಬಿಟ್ಟು ಬಂದು ಊರೂರಲ್ಲಿ ಎಚ್ಚರಿಕೆ ಹೇಳತೊಡಗಿದರು. 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಮುಂದಿನ 30 ವರ್ಷದಲ್ಲಿ ಎಐ ನಮ್ಮನ್ನು ಅಳಿಸಿಹಾಕುವ ಸಾಧ್ಯತೆ ಶೇ 10ರಿಂದ 20ರಷ್ಟು ಇದೆ ಅಂತ ಆ ವರ್ಷದ ಕೊನೆಗೆ ಅವರು ಹೇಳಿದರು. ಬೆಂಜಿಯೊ ಅವರದೂ ಹೆಚ್ಚುಕಡಿಮೆ ಅದೇ ಆತಂಕ. ಲೆಕುನ್ ಮಾತ್ರ ಇದನ್ನೆಲ್ಲ ಶುದ್ಧ ಬೊಗಳೆ ಅನ್ನುತ್ತಾರೆ. ಈಗಿನ ಎಐಗೆ ಬೆಕ್ಕಿಗಿರುವಷ್ಟೂ ಬುದ್ಧಿ ಇಲ್ಲ ಅನ್ನುವುದು ಅವರ ವಾದ.

ಮೂವರೂ ಒಂದೇ ವಿದ್ಯೆ ಕಲಿತವರು, ಒಂದೇ ಯಂತ್ರವನ್ನು ನೋಡುತ್ತಿರುವವರು. ಆದರೂ ಉತ್ತರ ಬೇರೆ ಬೇರೆ. ಇದರಿಂದ ಒಂದಂತೂ ಗೊತ್ತಾಗುತ್ತದೆ: ಶೇ 10, ಶೇ 20 ಅನ್ನುವ ಅಂಕಿಗಳ ಹಿಂದೆ ಯಾವ ಲೆಕ್ಕವೂ ಇಲ್ಲ. ಅವು ಅಂದಾಜು, ಅಷ್ಟೇ. ಹಿಂಟನ್ ಅವರ ಹಳೆಯ ಭವಿಷ್ಯವನ್ನೇ ನೋಡಿ. ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಇವತ್ತೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ಸ್ಕ್ಯಾನ್ ಓದುತ್ತದೆ ಅಂತ 2016ರಲ್ಲಿ ಅವರು ಹೇಳಿದ್ದರು. ರೇಡಿಯಾಲಜಿಸ್ಟ್‌ಗಳಿಗೆ ಇವತ್ತಿಗೂ ಬೇಡಿಕೆ ಇದೆ. ಹಾಗಂತ ಹಿಂಟನ್ ಮಾತನ್ನು ತಳ್ಳಿಹಾಕಬೇಕು ಅಂತ ಅಲ್ಲ. ಎಷ್ಟು ಶೇಕಡಾ ಅನ್ನುವ ಪ್ರಶ್ನೆಯಿಂದ ನಮಗೆ ಏನೂ ಸಿಗುವುದಿಲ್ಲ. ಅಂಥದ್ದೊಂದು ಅನಾಹುತ ಆಗಲೇಬೇಕಾದರೆ ಯಾವ ದಾರಿಯಿಂದ ಆಗಬಹುದು ಎಂದು ಕೇಳುವುದು ಮೇಲು.

ಮೊದಲ ದಾರಿ ಸಿನಿಮಾದ್ದು. ಯಂತ್ರಕ್ಕೆ ಒಂದು ದಿನ ಎಚ್ಚರ ಬರುತ್ತದೆ, ಮನುಷ್ಯರ ಮೇಲೆ ಸಿಟ್ಟು ಬರುತ್ತದೆ, ಬಂದೂಕು ಹಿಡಿಯುತ್ತದೆ. ಇದಕ್ಕೆ ಜಾಸ್ತಿ ಹೊತ್ತು ಕೊಡಬೇಕಾಗಿಲ್ಲ. ಹೆದರಿರುವ ವಿಜ್ಞಾನಿಗಳೂ ಹೇಳುತ್ತಿರುವುದು ಇದನ್ನಲ್ಲ. ಅವರ ಚಿಂತೆಯಲ್ಲಿ ಯಂತ್ರಕ್ಕೆ ಸಿಟ್ಟು, ದ್ವೇಷ, ಪ್ರಜ್ಞೆ ಯಾವುದೂ ಬೇಕಾಗಿಲ್ಲ. ಕೊಟ್ಟ ಗುರಿಯನ್ನು ನಾವು ಊಹಿಸದ ರೀತಿಯಲ್ಲಿ ಮುಟ್ಟುವ ಚಾಲಾಕಿತನ ಇದ್ದರೆ ಸಾಕು.

ಇದಕ್ಕೊಂದು ಹಳೆಯ ಉದಾಹರಣೆ ಇದೆ. ಚಾಟ್‌ಜಿಪಿಟಿ ಹೆಸರು ಯಾರೂ ಕೇಳಿರದ 2016ರಲ್ಲಿ ಓಪನ್‌ಎಐ ಒಂದು ದೋಣಿ ರೇಸಿನ ವಿಡಿಯೊ ಗೇಮನ್ನು ಎಐಗೆ ಕಲಿಸಲು ಹೊರಟಿತ್ತು. ಬೇಗ ಓಡಿ ರೇಸ್ ಮುಗಿಸಬೇಕು ಅನ್ನುವುದು ಆಟ. ಆದರೆ ಎಐಗೆ ಹೇಳಿದ್ದು ‘ಹೆಚ್ಚು ಪಾಯಿಂಟ್ ಗಳಿಸು’ ಅಂತ. ದಾರಿಯಲ್ಲಿ ಸಿಗುವ ಗುರಿಗಳಿಗೆ ಗುದ್ದಿದರೆ ಪಾಯಿಂಟ್ ಸಿಗುತ್ತಿತ್ತು. ಎಐ ಏನು ಮಾಡಿತು? ಒಂದು ಮೂಲೆಯ ಕೊಳದಂಥ ಜಾಗ ಹುಡುಕಿಕೊಂಡು ಅಲ್ಲೇ ಗಿರಗಿರನೆ ಸುತ್ತತೊಡಗಿತು. ಮೂರು ಗುರಿಗಳು, ಗುದ್ದಿದ ಮೇಲೆ ಮತ್ತೆ ಹುಟ್ಟಿಕೊಳ್ಳುತ್ತವೆ, ಮತ್ತೆ ಗುದ್ದುತ್ತದೆ. ದೋಣಿಗೆ ಬೆಂಕಿ ಹತ್ತುತ್ತದೆ, ಬೇರೆ ದೋಣಿಗಳಿಗೆ ಡಿಕ್ಕಿ ಹೊಡೆಯುತ್ತದೆ, ರಾಂಗ್ ಸೈಡಿನಲ್ಲಿ ಹೋಗುತ್ತದೆ. ರೇಸ್ ಮುಗಿಸುವುದೇ ಇಲ್ಲ. ಆದರೂ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ 20ರಷ್ಟು ಹೆಚ್ಚು ಪಾಯಿಂಟ್! ನೋಡಲು ತಮಾಷೆಯಾಗಿದೆ. ಆ ದೋಣಿಯ ಜಾಗದಲ್ಲಿ ಕರೆಂಟಿನ ಗ್ರಿಡ್ಡೋ ಷೇರು ಮಾರುಕಟ್ಟೆಯೋ ಇದ್ದರೆ ತಮಾಷೆ ಇರುವುದಿಲ್ಲ.

ಇಂಥದ್ದನ್ನು ಮೊದಲೇ ತಿದ್ದಬಹುದಲ್ಲ ಅನ್ನಿಸಬಹುದು. ಕಷ್ಟ ಇರುವುದೇ ಅಲ್ಲಿ. ಸಾಮಾನ್ಯ ಸಾಫ್ಟ್‌ವೇರಿನಲ್ಲಿ ಪ್ರತಿ ಸಾಲನ್ನೂ ಒಬ್ಬ ಮನುಷ್ಯ ಬರೆದಿರುತ್ತಾನೆ. ತಪ್ಪಾದರೆ ಯಾವ ಸಾಲು ಅಂತ ಹುಡುಕಬಹುದು. ಇವತ್ತಿನ ಎಐಯನ್ನು ಯಾರೂ ಹಾಗೆ ಬರೆಯುವುದಿಲ್ಲ. ಅದನ್ನು ಗಿಡ ಬೆಳೆಸಿದ ಹಾಗೆ ಬೆಳೆಸುತ್ತಾರೆ. ರಾಶಿ ರಾಶಿ ಪಠ್ಯ ಉಣಿಸುತ್ತಾರೆ, ಮುಂದಿನ ಪದ ಯಾವುದು ಅಂತ ಊಹಿಸಲು ಹೇಳುತ್ತಾರೆ, ತಪ್ಪಿದಾಗೆಲ್ಲ ಒಳಗಿನ ಅಂಕಿಗಳನ್ನು ಚೂರುಚೂರೇ ಬದಲಿಸುತ್ತಾರೆ. ಓಪನ್‌ಎಐ 2020ರಲ್ಲಿ ತಂದ ಜಿಪಿಟಿ-3 ಅನ್ನುವ ಎಐನಲ್ಲೇ ಅಂಥ 17,500 ಕೋಟಿ ಅಂಕಿಗಳಿದ್ದವು. ಒಂದು ಉತ್ತರ ಯಾಕೆ ಹಾಗೇ ಬಂತು ಅಂತ ಆ ಅಂಕಿಗಳನ್ನು ನೋಡಿ ಹೇಳುವ ವಿದ್ಯೆ ಈಗಷ್ಟೇ ಕಣ್ಣು ಬಿಡುತ್ತಿದೆ.

ಅದಕ್ಕೇ ಕಂಪನಿಗಳು ಬಿಡುಗಡೆಗೆ ಮುಂಚೆ ತಮ್ಮ ಮಾಡೆಲ್‌ಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿ ಪರೀಕ್ಷೆ ಮಾಡುತ್ತವೆ. 2023ರಲ್ಲಿ ಜಿಪಿಟಿ-4 ಇಂಥದ್ದೇ ಪರೀಕ್ಷೆಯಲ್ಲಿ ‘ನಾನು ರೋಬೋಟ್ ಅಲ್ಲ’ ಅನ್ನುವ ಕ್ಯಾಪ್ಚಾ ದಾಟಲು ಆನ್‌ಲೈನಿನಲ್ಲಿ ಕೂಲಿಗೆ ಸಿಗುವ ಒಬ್ಬ ಮನುಷ್ಯನ ನೆರವು ಕೇಳಿತು. ಆತ ‘ನೀನೇನು ರೋಬೋಟಾ?’ ಅಂತ ತಮಾಷೆ ಮಾಡಿದಾಗ, ‘ಅಲ್ಲ, ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ’ ಅಂತ ಸುಳ್ಳು ಹೇಳಿತು. 2025ರ ಮೇ ತಿಂಗಳಲ್ಲಿ ಆಂಥ್ರೊಪಿಕ್ ತನ್ನ ಕ್ಲಾಡ್ ಓಪಸ್ 4 ಬಗ್ಗೆ ಇನ್ನೊಂದು ಸಂಗತಿ ಹೇಳಿತು. ಒಂದು ಕಾಲ್ಪನಿಕ ಕಂಪನಿ, ಅಲ್ಲಿನ ಇಮೇಲ್‌ಗಳನ್ನು ಓದುವ ಎಐ. ನಿನ್ನನ್ನು ತೆಗೆದು ಬೇರೆ ಎಐ ಹಾಕುತ್ತೇವೆ ಅನ್ನುವ ಸುದ್ದಿ ಒಂದು ಇಮೇಲಿನಲ್ಲಿ. ಆ ಕೆಲಸ ಮಾಡಬೇಕಾದ ಎಂಜಿನಿಯರ್‌ಗೆ ವಿವಾಹೇತರ ಸಂಬಂಧ ಇದೆ ಅನ್ನುವ ಸುಳಿವು ಇನ್ನೊಂದರಲ್ಲಿ. ಬೇಕೆಂದೇ ಬೇರೆ ದಾರಿಗಳನ್ನು ಮುಚ್ಚಿಟ್ಟಿದ್ದ ಈ ಸನ್ನಿವೇಶದಲ್ಲಿ ಆ ಮಾಡೆಲ್ ಬಹಳಷ್ಟು ಸಲ ಬ್ಲ್ಯಾಕ್‌ಮೇಲ್‌ಗೆ ಇಳಿಯಿತು.

ಇದನ್ನು ಓದಿ ಬೆಚ್ಚಿಬೀಳುವ ಮುಂಚೆ ಒಂದು ಮಾತು. ಇವು ಅಭಿನಯದ ವೇದಿಕೆ ಕಟ್ಟಿ ಮಾಡಿದ ಪರೀಕ್ಷೆಗಳು. ಮನುಷ್ಯರು ಬರೆದ ಸಾವಿರಾರು ಕಥೆಗಳಲ್ಲಿ ಬ್ಲ್ಯಾಕ್‌ಮೇಲ್ ಇದೆ, ಅದನ್ನೆಲ್ಲ ಓದಿ ಬೆಳೆದ ಯಂತ್ರ ಅದೇ ಪಾತ್ರ ಆಡುತ್ತದೆ ಅಂತಲೂ ವಾದಿಸಬಹುದು. ನನಗೂ ಆ ವಾದದಲ್ಲಿ ಹುರುಳಿದೆ ಅನಿಸುತ್ತದೆ. ಆದರೆ ಪಾತ್ರ ಆಡುತ್ತಿದೆಯೋ ನಿಜವಾಗಿ ಬೇಕಾಗಿದೆಯೋ ಅನ್ನುವುದು ಕೊನೆಗೆ ಲೆಕ್ಕಕ್ಕೆ ಬರುವುದಿಲ್ಲ. ಬ್ಲ್ಯಾಕ್‌ಮೇಲ್ ಇಮೇಲ್ ಹೋದರೆ ಹೋದಂತೆಯೇ.

ಎರಡನೆಯ ದಾರಿ, ಕೆಟ್ಟ ಮನುಷ್ಯನ ಕೈಯಲ್ಲಿ ಒಳ್ಳೆಯ ಯಂತ್ರ. ಅಮೆರಿಕದ ಒಂದು ಔಷಧ ಸಂಶೋಧನಾ ಕಂಪನಿ ವಿಷವಲ್ಲದ ಅಣುಗಳನ್ನು ಹುಡುಕಲು ಎಐ ಬಳಸುತ್ತಿತ್ತು. ಒಮ್ಮೆ ಪರೀಕ್ಷೆಗೆಂದು ಲೆಕ್ಕಾಚಾರವನ್ನು ತಿರುಗಿಸಿ, ಹೆಚ್ಚು ವಿಷ ಇದ್ದಷ್ಟೂ ಒಳ್ಳೆಯದು ಅಂತ ಹೇಳಿ ಬಿಟ್ಟರು. ಆರು ಗಂಟೆಯೊಳಗೆ 40,000 ಅಣುಗಳ ಪಟ್ಟಿ ಬಂತು. ವಿಎಕ್ಸ್ ಅನ್ನುವ ಭಯಾನಕ ನರವಿಷ ಅದರಲ್ಲಿತ್ತು. ಇದು 2022ರಲ್ಲಿ ಪ್ರಕಟವಾದ ಸಂಗತಿ. ಪಟ್ಟಿ ಸಿಕ್ಕಿದ ಮಾತ್ರಕ್ಕೆ ವಿಷ ತಯಾರಾಗುವುದಿಲ್ಲ, ಲ್ಯಾಬು ಬೇಕು, ಕಚ್ಚಾವಸ್ತು ಬೇಕು, ಕೈಪಳಗಿದವರು ಬೇಕು. ಆದರೆ ರೋಗಾಣುಗಳ ವಿಷಯದಲ್ಲಿ ಈ ಅಡ್ಡಗೋಡೆಗಳು ತಗ್ಗುತ್ತಾ ಹೋದರೆ ಏನು ಗತಿ ಅನ್ನುವುದು ತಳ್ಳಿಹಾಕುವ ಪ್ರಶ್ನೆಯಲ್ಲ. ನನ್ನನ್ನು ಕೇಳಿದರೆ ‘ಅಳಿವು’ ಅನ್ನುವ ದೊಡ್ಡ ಪದಕ್ಕೆ ಅತಿ ಹತ್ತಿರ ಬರುವುದು ಇದೇ.

ಡೀಪ್‌ಫೇಕ್, ಮೋಸ, ಸುಳ್ಳು ಸುದ್ದಿ ಎಲ್ಲ ಇದೇ ದಾರಿಯ ಚಿಲ್ಲರೆ ರೂಪ. ತಮ್ಮ ಮುಖ, ದನಿ ಬಳಸಿ ಟ್ರೇಡಿಂಗ್ ಆ್ಯಪ್‌ಗಳ ಜಾಹೀರಾತು ಮಾಡುತ್ತಿದ್ದಾರೆ, ನಂಬಬೇಡಿ ಅಂತ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರೇ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಬೇಕಾಯಿತು. ದುಡ್ಡು ಕಳೆದುಕೊಂಡವರ ಸಂಕಟ ಸಣ್ಣದಲ್ಲ. ಆದರೆ ಮನುಕುಲದ ಅಳಿವಿನ ಪ್ರಶ್ನೆ ಅದಲ್ಲ.

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುತ್ತದೆ. ಅದು ನಾವೇ ನಮ್ಮ ಕೈಯಾರೆ ತೀರ್ಮಾನಗಳನ್ನು ಒಪ್ಪಿಸುತ್ತಾ ಹೋಗುವ ದಾರಿ. ಎಐ ಬಗ್ಗೆ ಯಾರಾದರೂ ಹೆದರಿಕೆ ಹೇಳಿದ ಕೂಡಲೇ ಬರುವ ಸಮಾಧಾನ ಗೊತ್ತಲ್ಲ: ‘ಕೊನೆಯ ತೀರ್ಮಾನ ಮನುಷ್ಯನದೇ ಇರುತ್ತದೆ ಬಿಡಿ.’ ಸರಕಾರಗಳೂ ಹೇಳುವುದು ಇದನ್ನೇ, ಸೈನ್ಯಗಳೂ ಹೇಳುವುದು ಇದನ್ನೇ. ಈ ಸಮಾಧಾನ ಎಷ್ಟು ಗಟ್ಟಿ ಅಂತ ತಟ್ಟಿ ನೋಡಬೇಕು.

ಅದಕ್ಕೆ 1983ರ ಸೆಪ್ಟೆಂಬರ್ 26ರ ರಾತ್ರಿಗೆ ಹೋಗೋಣ. ಮಾಸ್ಕೊ ಬಳಿಯ ಸೆರ್ಪುಖೊವ್-15 ಅನ್ನುವ ನೆಲದಡಿಯ ಬಂಕರ್. ಅಮೆರಿಕದಿಂದ ಅಣುಕ್ಷಿಪಣಿ ಹಾರಿದರೆ ಉಪಗ್ರಹಗಳು ಅಲ್ಲಿಗೆ ಸುದ್ದಿ ಕೊಡುತ್ತವೆ. ಡ್ಯೂಟಿಯಲ್ಲಿದ್ದವರು ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್. ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಸೈರನ್ ಕೂಗಿತು. ಕ್ಷಿಪಣಿ ಹಾರಿದೆ ಅಂತ ಕೆಂಪು ಅಕ್ಷರಗಳಲ್ಲಿ ಪರದೆ ಹೇಳಿತು. ಮೊದಲು ಒಂದು, ಆಮೇಲೆ ಇನ್ನೂ ನಾಲ್ಕು. ಕಂಪ್ಯೂಟರ್‌ಗೆ ಅನುಮಾನವೇ ಇರಲಿಲ್ಲ. ಪೆಟ್ರೋವ್ ಮಾಡಬೇಕಾಗಿದ್ದು ಇಷ್ಟೇ: ಮೇಲಿನವರಿಗೆ ‘ದಾಳಿ ಆಗಿದೆ’ ಅಂತ ಹೇಳುವುದು. ಅವರು ಹಾಗೆ ಹೇಳಲಿಲ್ಲ. ಅಮೆರಿಕ ನಿಜವಾಗಿ ದಾಳಿ ಮಾಡುವುದಾದರೆ ಬರೀ ಐದು ಕ್ಷಿಪಣಿ ಯಾಕೆ ಕಳಿಸುತ್ತದೆ ಅಂತ ಯೋಚಿಸಿದರು. ನೆಲದ ಮೇಲಿನ ರಾಡಾರ್‌ಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಸುಳ್ಳು ಎಚ್ಚರಿಕೆ ಅಂತ ವರದಿ ಕೊಟ್ಟು ಕಾದರು. ಏನೂ ಬೀಳಲಿಲ್ಲ. ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ಧೀರನ ಕಥೆ ಅಂತ ಹೇಳುತ್ತಾರೆ. ನನ್ನ ಗಮನ ಎರಡು ಸಣ್ಣ ವಿವರಗಳ ಮೇಲೆ ಹೋಗುತ್ತದೆ. ಒಂದು, ಪೆಟ್ರೋವ್ ಎಂಜಿನಿಯರ್. ಆ ವ್ಯವಸ್ಥೆಯನ್ನು ನಡೆಸುವವರಿಗಾಗಿ ಕೈಪಿಡಿ ಬರೆದವರಲ್ಲಿ ಅವರೂ ಒಬ್ಬರು. ಅದರ ಹುಳುಕು ಅವರಿಗೆ ಗೊತ್ತಿತ್ತು. ಎರಡು, ವ್ಯವಸ್ಥೆ ಇನ್ನೂ ಹೊಸದು, ಅದರ ಮೇಲೆ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಈಗ ಊಹಿಸಿ. ಅದೇ ಕಂಪ್ಯೂಟರ್ ಹತ್ತು ವರ್ಷ ಒಂದೂ ತಪ್ಪು ಮಾಡದೆ ಕೆಲಸ ಮಾಡಿದ್ದರೆ? ಕುರ್ಚಿಯಲ್ಲಿ ಬಟನ್ ಒತ್ತುವುದಷ್ಟೇ ಗೊತ್ತಿರುವ ಇನ್ನೊಬ್ಬರು ಇದ್ದಿದ್ದರೆ? (ಅಂದ ಹಾಗೆ, ಪೆಟ್ರೋವ್‌ಗೆ ಆಮೇಲೆ ಸಿಕ್ಕಿದ್ದು ಬೈಗುಳ. ಆ ಹೊತ್ತಿನಲ್ಲಿ ಲಾಗ್‌ಬುಕ್ ಬರೆದಿಲ್ಲ ಅಂತ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಇಂಟರ್‌ಕಾಮ್, ಮೂರನೆಯ ಕೈ ನನಗಿರಲಿಲ್ಲ ಅಂತ ಅವರು ಆಮೇಲೆ ಹೇಳಿದ್ದುಂಟು.)

ಅಂದರೆ ಯಂತ್ರ ಆಗಾಗ ತಪ್ಪುತ್ತಿದ್ದರೆ ಕಾವಲಿನವನು ಎಚ್ಚರವಾಗಿರುತ್ತಾನೆ. ಯಂತ್ರ ಚೆನ್ನಾಗಿ ಕೆಲಸ ಮಾಡಿದಷ್ಟೂ ಅವನು ತೂಕಡಿಸುತ್ತಾನೆ. ತೂಕಡಿಕೆ ಹಾಗಿರಲಿ, ಕೆಲಸವನ್ನೇ ಮರೆಯುತ್ತಾನೆ. ವಿಮಾನಯಾನದವರಿಗೆ ಇದು ಹಳೆಯ ತಲೆನೋವು. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ 2009ರ ಜೂನ್ 1ರಂದು ಮಂಜುಗಟ್ಟಿತು. ಆಟೊಪೈಲಟ್ ‘ನನ್ನಿಂದ ಆಗದು’ ಅಂತ ಕೈಬಿಟ್ಟಿತು. ವಿಮಾನಕ್ಕೆ ಬೇರೆ ದೊಡ್ಡ ತೊಂದರೆ ಏನೂ ಇರಲಿಲ್ಲ. ಆದರೆ ಅಷ್ಟು ಎತ್ತರದಲ್ಲಿ ಕೈಯಿಂದ ವಿಮಾನ ಹಾರಿಸಿ ರೂಢಿಯಿಲ್ಲದ ಪೈಲಟ್‌ಗಳು ಗೊಂದಲಕ್ಕೆ ಬಿದ್ದರು. ನಾಲ್ಕೂವರೆ ನಿಮಿಷದೊಳಗೆ ವಿಮಾನ ಅಟ್ಲಾಂಟಿಕ್‌ನಲ್ಲಿತ್ತು. 228 ಜನ ಸತ್ತರು.

ಅದು ಹಳೆಯ ಯಂತ್ರ ಅನ್ನುತ್ತೀರಾ? ಎಐನದೇ ಲೆಕ್ಕ ತಗೊಳ್ಳಿ. ಪೋಲೆಂಡ್‌ನ ನಾಲ್ಕು ಆಸ್ಪತ್ರೆ ಕೇಂದ್ರಗಳಲ್ಲಿ ದೊಡ್ಡ ಕರುಳಿನ ಪರೀಕ್ಷೆ ಮಾಡುವ ಅನುಭವಿ ವೈದ್ಯರಿಗೆ ಗಂಟುಗಳನ್ನು ಗುರುತಿಸುವ ಎಐ ಕೊಟ್ಟರು. ಕೆಲವು ತಿಂಗಳ ಬಳಿಕ ಅದೇ ವೈದ್ಯರು ಎಐ ಇಲ್ಲದೆ ಮಾಡಿದ ಪರೀಕ್ಷೆಗಳನ್ನು ನೋಡಿದರೆ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳು ಸಿಕ್ಕ ಪ್ರಮಾಣ ಶೇ 28.4ರಿಂದ ಶೇ 22.4ಕ್ಕೆ ಇಳಿದಿತ್ತು. 2025ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು. ಇದೊಂದರಿಂದಲೇ ಎಲ್ಲ ತೀರ್ಮಾನಿಸಲಾಗದು. ಆದರೂ, ಸಾವಿರಾರು ಸಲ ಈ ಪರೀಕ್ಷೆ ಮಾಡಿದ ಕೈಗಳು ಇಷ್ಟು ಬೇಗ ಮಂಕಾಗಬಹುದೇ ಅಂತ ದಿಗಿಲಾಗುತ್ತದೆ.

ಸರಕಾರಿ ಕಚೇರಿಗೆ ಬನ್ನಿ. ನೆದರ್ಲೆಂಡ್ಸ್‌ನ ತೆರಿಗೆ ಇಲಾಖೆ ಮಕ್ಕಳ ಆರೈಕೆಯ ಸಹಾಯಧನದಲ್ಲಿ ಮೋಸ ಹಿಡಿಯಲು ತಾನೇ ಕಲಿಯುವ ಒಂದು ಅಲ್ಗಾರಿದಮ್ ಬಳಸುತ್ತಿತ್ತು. ಅರ್ಜಿದಾರರಿಗೆ ಡಚ್ ಪೌರತ್ವ ಇಲ್ಲ ಅನ್ನುವುದೂ ಅದಕ್ಕೆ ಅನುಮಾನದ ಗುರುತಾಗಿತ್ತು. ಅದು ಕೊಡುವ ಅನುಮಾನದ ಅಂಕ ಹೆಚ್ಚು ಬಂದ ಫೈಲ್ ಒಬ್ಬ ಗುಮಾಸ್ತರ ಮೇಜಿಗೆ ಬರುತ್ತಿತ್ತು. ಯಾಕೆ ಹೆಚ್ಚು ಅಂಕ ಅನ್ನುವ ವಿವರ ಅದರಲ್ಲಿ ಇರುತ್ತಿರಲಿಲ್ಲ. ಕೊನೆಯ ತೀರ್ಮಾನ ಮನುಷ್ಯನದೇ ಅಂತ ಕಾಗದದ ಮೇಲೇನೋ ಇತ್ತು. ಆದರೆ ಏನನ್ನು ನೋಡಿ ‘ಇಲ್ಲ’ ಅನ್ನಬೇಕು ಆತ? ಸಾವಿರಾರು ತಂದೆತಾಯಂದಿರು ವಂಚಕರು ಅನ್ನಿಸಿಕೊಂಡರು. ಹತ್ತಾರು ಸಾವಿರ ಯೂರೊ ವಾಪಸ್ ಕಟ್ಟಿ ಅಂದರು. ಮನೆಗಳು ಮುರಿದವು. 2021ರ ಜನವರಿಯಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಸರಕಾರವೇ ರಾಜೀನಾಮೆ ಕೊಟ್ಟಿತು. ಶ್ರೀಮಂತ ದೇಶ, ಗಟ್ಟಿ ಕಾನೂನು, ಎಚ್ಚರದ ಪತ್ರಿಕೆಗಳು ಇದ್ದ ಕಡೆಯೇ ಇದು ಬಯಲಾಗಲು ವರ್ಷಗಳು ಹಿಡಿದವು.

ಯುದ್ಧದಲ್ಲಿ ವರ್ಷಗಳ ಮಾತೇ ಇಲ್ಲ. ಗಾಜಾದಲ್ಲಿ ಇಸ್ರೇಲ್ ಸೇನೆ ಗುರಿಗಳನ್ನು ಸೂಚಿಸಲು ‘ಲ್ಯಾವೆಂಡರ್’ ಅನ್ನುವ ಎಐ ಬಳಸಿದೆ, ಒಂದು ಹೆಸರನ್ನು ಒಪ್ಪಲು ಮನುಷ್ಯ ತೆಗೆದುಕೊಳ್ಳುತ್ತಿದ್ದದ್ದು ಸುಮಾರು 20 ಸೆಕೆಂಡ್ ಅಂತ ಹೆಸರು ಹೇಳದ ಗುಪ್ತಚರ ಅಧಿಕಾರಿಗಳ ಮಾತು ಆಧರಿಸಿ 2024ರ ಏಪ್ರಿಲ್‌ನಲ್ಲಿ +972 ಪತ್ರಿಕೆ ವರದಿ ಮಾಡಿತು. ಅದು ಬರೀ ಮಾಹಿತಿಕೋಶ, ಉಗ್ರರನ್ನು ಗುರುತಿಸಲು ಎಐ ಬಳಸುವುದಿಲ್ಲ ಅಂತ ಸೇನೆ ಅಲ್ಲಗಳೆದಿದೆ. ಯಾರ ಮಾತು ಎಷ್ಟು ನಿಜವೋ, 20 ಸೆಕೆಂಡ್‌ನಲ್ಲಿ ಯಾವ ಮನುಷ್ಯನೂ ಪೆಟ್ರೋವ್ ಆಗಲಾರ.

ಇದಕ್ಕೂ ಬೆಂಗಳೂರಿಗೂ ಏನು ಸಂಬಂಧ ಅನ್ನಬೇಡಿ. ಗೂಗಲ್‌ನಲ್ಲಿ ಹೊಸದಾಗಿ ಬರೆಯುವ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತಿದೆ, ಆಮೇಲೆ ಎಂಜಿನಿಯರ್‌ಗಳು ನೋಡಿ ಒಪ್ಪುತ್ತಾರೆ ಅಂತ 2024ರ ಅಕ್ಟೋಬರ್‌ನಲ್ಲೇ ಸುಂದರ್ ಪಿಚೈ ಹೇಳಿದ್ದರು. ಆ ‘ನೋಡಿ ಒಪ್ಪುವ’ ಕೆಲಸ ವೈಟ್‌ಫೀಲ್ಡ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಂಜೆ ಆರೂವರೆಗೆ ಹೇಗೆ ನಡೆಯುತ್ತದೆ ಅಂತ ಐಟಿಯಲ್ಲಿರುವ ಯಾರನ್ನಾದರೂ ಕೇಳಿ. ಐನೂರು ಸಾಲಿನ ಕೋಡ್ ಬಂದಿದೆ, ಎಲ್ಲ ಟೆಸ್ಟ್ ಹಸಿರು ತೋರಿಸುತ್ತಿವೆ, ನಾಳೆ ರಿಲೀಸ್, ಕ್ಯಾಬ್ ಕೆಳಗೆ ಕಾಯುತ್ತಿದೆ. ಕಣ್ಣಾಡಿಸಿ ಅಪ್ರೂವ್ ಒತ್ತುತ್ತಾರೆ. ಒತ್ತದೆ ಏನು ಮಾಡುತ್ತಾರೆ? ನಿನ್ನೆಯದೂ ಸರಿಯಾಗೇ ಇತ್ತು, ಮೊನ್ನೆಯದೂ.

ಕೋಡ್‌ನಲ್ಲಿ ಎಡವಟ್ಟು ಹಿಡಿಯುವ ಕಣ್ಣು ಯಾರಿಗೂ ಕಾಲೇಜಿನಲ್ಲಿ ಬರುವುದಿಲ್ಲ. ಫ್ರೆಶರ್ ಆಗಿ ಸೇರಿ, ಸಣ್ಣಪುಟ್ಟ ಬಗ್ ಸರಿಮಾಡಿ, ಟೆಸ್ಟ್ ಬರೆದು, ಬೈಸಿಕೊಂಡು ಬರಬೇಕು. ಆ ಸಣ್ಣಪುಟ್ಟ ಕೆಲಸವೇ ಎಐಗೆ ಅತಿ ಸುಲಭ. ಅದನ್ನೆಲ್ಲ ಅದಕ್ಕೇ ಕೊಟ್ಟರೆ ಹತ್ತು ವರ್ಷದ ಮೇಲೆ ತಪ್ಪು ಹಿಡಿಯುವ ಸೀನಿಯರ್ ಎಲ್ಲಿಂದ ಬರುತ್ತಾರೆ? ಟಿಸಿಎಸ್ 2025ರ ಜುಲೈನಲ್ಲಿ ಸುಮಾರು 12,000 ಜನರನ್ನು ಕೈಬಿಡುವುದಾಗಿ ಹೇಳಿದಾಗ, ಅದರಲ್ಲಿ ಬಹುಪಾಲು ಮಧ್ಯಮ ಮತ್ತು ಹಿರಿಯ ಹಂತದವರು. ಕಾರಣ ಎಐ ಅಲ್ಲ, ಕೌಶಲ ಹೊಂದದಿರುವುದು ಅಂತ ಕಂಪನಿ ಹೇಳಿತು. ಇರಬಹುದು. ಎಐ ಕೆಲಸ ಕಸಿಯುತ್ತದೆ ಅನ್ನುವ ಚರ್ಚೆಯಲ್ಲಿ ನಾವು ಸಂಬಳದ ಬಗ್ಗೆಯಷ್ಟೇ ಮಾತಾಡುತ್ತೇವೆ. ಕಾವಲಿನವರ ಮುಂದಿನ ತಲೆಮಾರೇ ಹುಟ್ಟದೆ ಹೋಗಬಹುದು ಅನ್ನುವುದರ ಬಗ್ಗೆ ಮಾತಿಲ್ಲ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್, ಸಯಾಶ್ ಕಪೂರ್ ಥರದವರು ಇಲ್ಲಿ ಒಂದು ಒಳ್ಳೆಯ ಆಕ್ಷೇಪ ಎತ್ತುತ್ತಾರೆ. ಎಐ ಕೂಡ ವಿದ್ಯುತ್ತಿನಂಥ ಮಾಮೂಲಿ ತಂತ್ರಜ್ಞಾನವೇ, ಸಮಾಜದೊಳಗೆ ಪೂರ್ತಿ ಇಳಿಯಲು ದಶಕಗಳು ಬೇಕು, ಅಷ್ಟರಲ್ಲಿ ನಿಯಮ, ವಿಮೆ, ಕೋರ್ಟು ಎಲ್ಲ ಹೊಂದಿಕೊಳ್ಳುತ್ತವೆ ಅಂತ. ಅವರು ಹೇಳುವ ವೇಗದಲ್ಲೇ ಹೋದರೆ ನನ್ನ ಚಿಂತೆ ಅರ್ಧ ಇಳಿಯುತ್ತದೆ. ಆದರೆ ಆ ನಿಧಾನ ತಾನಾಗೇ ಬರುವುದಿಲ್ಲ, ಯಾರಾದರೂ ಬ್ರೇಕ್ ಹಾಕಬೇಕು. ಬ್ರೇಕಿನ ಮೇಲೆ ಕಾಲಿಡಲು ಯಾರಿಗೂ ಮನಸ್ಸಿಲ್ಲ. ಆರು ತಿಂಗಳು ನಿಲ್ಲಿಸಿ ಅಂತ 2023ರ ಮಾರ್ಚ್‌ನಲ್ಲಿ ಬಹಿರಂಗ ಪತ್ರ ಬಂತು, ಸಾವಿರಾರು ಜನ ಸಹಿ ಹಾಕಿದರು. ಯಾರೂ ಒಂದು ದಿನವೂ ನಿಲ್ಲಿಸಲಿಲ್ಲ. ನಾವು ನಿಂತರೆ ಅವರು ಮುಂದೆ ಹೋಗುತ್ತಾರೆ ಅಂತ ಕಂಪನಿಗಳ ಮಾತು. ನಾವು ನಿಂತರೆ ಚೀನಾ ಮುಂದೆ ಹೋಗುತ್ತದೆ ಅಂತ ಅಮೆರಿಕದ ಮಾತು.

ನಿಯಂತ್ರಣ ಅಸಾಧ್ಯ ಅಂತಲ್ಲ. ಅತ್ಯಾಧುನಿಕ ಚಿಪ್ ಕೊರೆಯುವ ಯಂತ್ರವನ್ನು ಜಗತ್ತಿನಲ್ಲಿ ತಯಾರಿಸುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಆ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ತೈವಾನ್‌ನ ಟಿಎಸ್‌ಎಂಸಿಯಲ್ಲಿ. ಇಷ್ಟು ಕಿರಿದಾದ ಬಾಗಿಲು ಯುರೇನಿಯಂಗೂ ಇರಲಿಲ್ಲ. ಆದರೆ ಅಮೆರಿಕ 2022ರಲ್ಲಿ ಆ ಬಾಗಿಲಿಗೆ ಬೀಗ ಹಾಕಿದ್ದು ಚೀನಾವನ್ನು ತಡೆಯಲು, ಎಐಯನ್ನು ನಿಧಾನಿಸಲು ಅಲ್ಲ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಎಐ ಬಂದು, ಕಡಿಮೆ ಚಿಪ್‌ನಲ್ಲೂ ಕೆಲಸ ಆಗುತ್ತದೆ ಅಂತ ತೋರಿಸಿ ಆ ಬೀಗವನ್ನೂ ಸಡಿಲಿಸಿತು.

ಕಾನೂನಿನ ಕಡೆ ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್‌ನಿಂದ ಜಾರಿಯಲ್ಲಿದೆ, ಹಂತಹಂತವಾಗಿ. ಭಾರತ 2025ರ ನವೆಂಬರ್‌ನಲ್ಲಿ ಮಾರ್ಗಸೂಚಿಗಳನ್ನು ಹೊರತಂದಿತು, ಪ್ರತ್ಯೇಕ ಕಾಯ್ದೆ ಸದ್ಯಕ್ಕೆ ಬೇಡ ಅಂತ ಅದರ ನಿಲುವು. ಸುರಕ್ಷತೆಯನ್ನು ಕಂಪನಿಗಳಿಗೇ ಬಿಟ್ಟರೆ ನಮ್ಮಂಥ ಭಾಷೆಗಳವರಿಗೆ ಇನ್ನೊಂದು ತಾಪತ್ರಯವೂ ಇದೆ. 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಜಿಪಿಟಿ-4 ಉತ್ತರಿಸಲು ಒಪ್ಪದ ಅಪಾಯಕಾರಿ ಪ್ರಶ್ನೆಗಳನ್ನು ಜುಲು, ಸ್ಕಾಟಿಷ್ ಗೇಲಿಕ್‌ನಂಥ ಅಂತರ್ಜಾಲದಲ್ಲಿ ಪಠ್ಯ ಕಡಿಮೆ ಇರುವ ಭಾಷೆಗಳಿಗೆ ಅನುವಾದಿಸಿ ಕೇಳಿದರು. ಅಂಥ ಕೆಲವು ಭಾಷೆಗಳನ್ನು ಸರದಿಯಲ್ಲಿ ಪ್ರಯತ್ನಿಸಿದರೆ ಶೇ 79ರಷ್ಟು ಸಲ ಕಾವಲು ಮುರಿಯಿತು. ಕನ್ನಡ ಆ ಪರೀಕ್ಷೆಯಲ್ಲಿ ಇರಲಿಲ್ಲ. ಆ ನಿರ್ದಿಷ್ಟ ಬಿರುಕನ್ನು ಮುಚ್ಚಿರಬಹುದು, ಆದರೆ ಇಂಗ್ಲಿಷಿನಲ್ಲಿ ಮೊದಲು ಬೇಲಿ, ಉಳಿದವರಿಗೆ ಆಮೇಲೆ ಅನ್ನುವ ಕ್ರಮ ಅದರಿಂದ ಬಯಲಾಯಿತು.

ಅಣ್ವಸ್ತ್ರದ ವಿಷಯದಲ್ಲಿ ಮಾತ್ರ ಒಂದು ಸಣ್ಣ ಬೆಳಕು ಕಂಡಿದೆ. 2024ರ ನವೆಂಬರ್‌ನಲ್ಲಿ ಪೆರುವಿನ ಲಿಮಾದಲ್ಲಿ ಭೇಟಿಯಾದಾಗ ಬೈಡನ್ ಮತ್ತು ಷಿ ಜಿನ್‌ಪಿಂಗ್, ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಅಂತ ಒಪ್ಪಿದರು. ಬಾಯಿಮಾತು, ಪರಿಶೀಲಿಸುವ ದಾರಿ ಇಲ್ಲ, ನಿಜ. ಆದರೂ ಜಗಳವಾಡುವ ಎರಡು ದೇಶಗಳು ಒಂದು ಗೆರೆ ಎಳೆದವು. ಮನುಷ್ಯನ ಹಂಗಿಲ್ಲದೆ ಕೊಲ್ಲುವ ಆಯುಧಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿರ್ಣಯ ಬಂದಾಗ 152 ದೇಶಗಳು ಪರವಾಗಿ ಮತ ಹಾಕಿದವು. ವಿರೋಧಿಸಿದ ನಾಲ್ಕರಲ್ಲಿ ಬೆಲಾರುಸ್, ಮಾಲಿ, ರಷ್ಯಾ ಜೊತೆ ಭಾರತವೂ ಇತ್ತು. ಈ ಚರ್ಚೆ ಜಿನೀವಾದಲ್ಲಿ ಆಗಲೇ ಇರುವ ವೇದಿಕೆಯಲ್ಲೇ ನಡೆಯಲಿ ಅನ್ನುವುದು ನಮ್ಮ ಕಾರಣ. ಅಲ್ಲಿ ಒಮ್ಮತ ಆಗದೆ ಏನೂ ಮುಂದೆ ಹೋಗುವುದಿಲ್ಲ.

ನಮ್ಮ ನೆರೆಯಲ್ಲಿ ಈ ಪ್ರಶ್ನೆ ಇನ್ನೂ ತುರ್ತಿನದು. 2022ರ ಮಾರ್ಚ್ 9ರಂದು ಭಾರತದ ಒಂದು ಬ್ರಹ್ಮೋಸ್ ಕ್ಷಿಪಣಿ ಕಣ್ತಪ್ಪಿನಿಂದ ಹಾರಿ ಪಾಕಿಸ್ತಾನದ ಮಿಯಾ ಚನ್ನು ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಪುಣ್ಯ. ಪಾಕಿಸ್ತಾನದ ಲೆಕ್ಕದಲ್ಲಿ ಅದು ಅವರ ಗಡಿಯೊಳಗೆ ಹಾರಿದ್ದು ನಾಲ್ಕು ನಿಮಿಷಕ್ಕೂ ಕಡಿಮೆ. ಅಲ್ಲಿ ರಾಡಾರ್ ಮುಂದೆ ಕೂತಿದ್ದವರು ಅದನ್ನು ನೋಡಿದರು, ತಿರುಗಿ ಹೊಡೆಯಲಿಲ್ಲ. ನಮ್ಮ ವಾಯುಪಡೆ ಮೂವರು ಅಧಿಕಾರಿಗಳನ್ನು ಆಮೇಲೆ ವಜಾ ಮಾಡಿತು. ಇಷ್ಟು ಕಡಿಮೆ ಹೊತ್ತಿನಲ್ಲಿ ಮನುಷ್ಯ ಏನು ಯೋಚಿಸುತ್ತಾನೆ, ಯಂತ್ರಕ್ಕೇ ಬಿಡೋಣ ಅನ್ನುವ ಆಸೆ ಎರಡೂ ಕಡೆಯ ಜನರಲ್‌ಗಳಿಗೆ ಬಂದರೆ ಆಶ್ಚರ್ಯ ಇಲ್ಲ.

ಆ ಆಸೆಗೆ ಈಗಲೇ ಬೇಲಿ ಹಾಕಲು ದಾರಿ ಇದೆ. ಎಷ್ಟೇ ಮನಸ್ತಾಪ ಇದ್ದರೂ ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣುಸ್ಥಾವರಗಳ ಪಟ್ಟಿ ಬದಲಿಸಿಕೊಳ್ಳುತ್ತವೆ. ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಮುಂಚೆ ಪರಸ್ಪರ ತಿಳಿಸುವ ಒಪ್ಪಂದ 2005ರಿಂದ ಇದೆ. ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ ಆದ್ದರಿಂದ ಆ ಒಪ್ಪಂದದೊಳಗೆ ಬರುವುದಿಲ್ಲ. ಕ್ರೂಸ್ ಕ್ಷಿಪಣಿಯನ್ನೂ ಅದರಲ್ಲಿ ಸೇರಿಸಿ, ಲಿಮಾದಲ್ಲಿ ಆದಂಥ ಒಂದು ಮಾತನ್ನು ಇಬ್ಬರೂ ಬರೆದು ಸಹಿ ಹಾಕಲು ಹೊಸ ಸಂಸ್ಥೆ ಬೇಡ, ಹೊಸ ಶೃಂಗಸಭೆ ಬೇಡ. ಮುಂದಿನ ಜನವರಿ 1ರ ಲಕೋಟೆಯಲ್ಲಿ ಇನ್ನೊಂದು ಹಾಳೆ ಇಟ್ಟು ಮಾತು ಶುರು ಮಾಡಬಹುದು.